ಬೆಡಿ ಬಾಯಿಯ ಕೋಲ್ಟ್

ಮಂಗಳೂರಿನ ಕುಲಶೇಖರದಲ್ಲಿ ನಿಂತು ಬರ್ನಡೆಟ್ ರೆಬೆಲ್ಲೊ ಅವರ ಮನೆ ಎಲ್ಲಿ ಎಂದು ಕೇಳಿದರೆ ಜನ ಯೋಚಿಸುತ್ತಾರೆ. ‘ಬೆಡಿ ಬಾಯಿ’ಯ ಮನೆ ಎಂದರೆ ರಿಕ್ಷಾದವರು ಸೀದಾ ಗೇಟಿನೆದುರು ತಂದು ಇಳಿಸುತ್ತಾರೆ. ತುಳುವಿನಲ್ಲಿ ಬೆಡಿ ಎಂದರೆ ಬಂದೂಕು; ಬಾಯಿ ಎಂದರೆ ಇಲ್ಲಿ ಕ್ರೈಸ್ತ ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ಮಾತು. ಆ ಹೆಸರು ಕೇಳಿ ಗಂಡುಬೀರಿಯೊಬ್ಬಳನ್ನು ಊಹಿಸಿಕೊಂಡು ಬಂದವರಿಗೆ ಬಾಗಿಲು ತೆರೆಯುವುದು, ಬಿಳಿ ಕೂದಲನ್ನು ಕಿವಿಯವರೆಗೆ ಕತ್ತರಿಸಿಕೊಂಡ, ಮನೆಯೊಳಗೂ ಕಾಲುಚೀಲ ಹಾಕುವ, ಕುಳ್ಳಗಿನ ಒಬ್ಬ ನಿವೃತ್ತ ನರ್ಸ್. ಅವಳು ಜೀವಮಾನದಲ್ಲಿ ಒಂದು ಕಾಗೆಗೂ ಗುಂಡು ಹೊಡೆದವಳಲ್ಲ. ಮನೆಯಲ್ಲಿ ತೋಟೆ, ಅಂದರೆ ಕಾಡತೂಸು, ಇಟ್ಟುಕೊಂಡವಳೂ ಅಲ್ಲ. ಅವಳ ಹುಚ್ಚೆಲ್ಲ ಒಂದು ಬಗೆಯ ಬಂದೂಕಿನ ಒಳಗಿನ ಕೆಲಸದ ಮೇಲೆ.

ಆ ಹುಚ್ಚು ಹಿಡಿದದ್ದು ತಂದೆ ತೀರಿಕೊಂಡ ವರ್ಷ. ಆಗ ಅವಳು ಮಸ್ಕತ್ತಿನಲ್ಲಿ ಆಪರೇಷನ್ ಥಿಯೇಟರಿನ ನರ್ಸ್. ರಜೆ ಹಾಕಿ ಬಂದಾಗ ಅಟ್ಟದ ಮೇಲೆ ಗೋಣಿ ಸುತ್ತಿದ ಅಜ್ಜನ ಬಂದೂಕು ಸಿಕ್ಕಿತು. ಅಜ್ಜ ಗೇರುಬೀಜದ ಕಾರ್ಖಾನೆಯಲ್ಲಿ ಮೇಲ್ವಿಚಾರಕರಾಗಿದ್ದವರು. ಇಲ್ಲಿಯ ಗೋಡಂಬಿ ಹಡಗು ಹತ್ತಿ ಅಮೆರಿಕಕ್ಕೆ ಹೋಗುತ್ತಿದ್ದ ಕಾಲ ಅದು. ಸರಕು ನೋಡಲು ಬಂದ ಅಲ್ಲಿಯ ವ್ಯಾಪಾರಿಯೊಬ್ಬ ಹಿಂದಿರುಗುವಾಗ ಅಜ್ಜನಿಗೆ ಅದನ್ನು ಉಡುಗೊರೆಯಾಗಿ ಕೊಟ್ಟುಹೋಗಿದ್ದನಂತೆ. ಲೈಸೆನ್ಸು ಅಜ್ಜನಿಂದ ತಂದೆಗೆ ಬಂದಿತ್ತು. ಇನ್ನು ಯಾರಾದರೂ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ಇಲ್ಲವೇ ಸರಕಾರಕ್ಕೆ ಒಪ್ಪಿಸಬೇಕು.

“ಕೊಟ್ಟುಬಿಡು ಮಾರಾಯ್ತಿ, ಇದೊಂದು ಉಪದ್ರ ಮನೆಯಲ್ಲಿ ಬೇಡ,” ಎಂದಳು ಅಕ್ಕ ಗ್ಲ್ಯಾಡಿಸ್. ಅವಳು ಶಾಲಾ ಟೀಚರ್, ವಿಧವೆ, ತವರಿನಲ್ಲೇ ಇದ್ದಳು.

ಒಪ್ಪಿಸುವ ವಿಧಾನ ಕೇಳಲು ಬರ್ನಡೆಟ್ ಹಂಪನಕಟ್ಟೆಯ ಹಿಂದಿನ ಓಣಿಯಲ್ಲಿದ್ದ ಯೂಸ್ಟೇಸನ ಬಂದೂಕಿನ ಅಂಗಡಿಗೆ ಹೋದಳು. ಒಂದೇ ಇಗರ್ಜಿಯ, ಅಂದರೆ ಒಂದೇ ಚರ್ಚಿನ, ಜನರಾದರೂ ಅದುವರೆಗೆ ಇಬ್ಬರಿಗೂ ಮಾತಿರಲಿಲ್ಲ. ಯೂಸ್ಟೇಸ್ ಗೋಣಿ ಬಿಚ್ಚಿ, ಹೆಗಲ ಮೇಲಿನ ಬಟ್ಟೆಯಿಂದ ಧೂಳು ಒರೆಸಿದ. ಗುಂಡು ಹಾರಿಸಲು ಬೆರಳಿನಿಂದ ಎಳೆಯುವ ಕುದುರೆಯ ಸುತ್ತ, ಕೈಬೆರಳು ತೂರುವಂತೆ ಒಂದು ಉಕ್ಕಿನ ಬಳೆ ಇತ್ತು. ಅದೇ ಲಿವರ್. ಅವನು ಅದನ್ನು ಕೆಳಕ್ಕೆ ಒತ್ತಿ ಮೇಲಕ್ಕೆ ಎಳೆದ. ಬಂದೂಕಿನ ಬೆನ್ನು ತೆರೆದುಕೊಂಡಿತು, ಒಳಗಿನ ಬೋಲ್ಟ್ ಹಿಂದೆ ಸರಿದು ಮುಂದೆ ಬಂತು, ಎಲ್ಲ ಮುಚ್ಚಿಕೊಂಡಿತು. ವರ್ಷಗಟ್ಟಲೆ ಎಣ್ಣೆ ಕಾಣದ ಯಂತ್ರ; ಆದರೂ ಒಂದು ಕಡೆಯೂ ತಡವರಿಸಲಿಲ್ಲ.

“ಹಳೇ ತೋಟೆ ಹೊರಗೆ, ಹೊಸತು ಒಳಗೆ. ಒಂದೇ ಕೈಯಲ್ಲಿ,” ಎಂದ ಯೂಸ್ಟೇಸ್. “ನೂರು ವರ್ಷದ ಮೇಲಾಯ್ತು ಬಾಯಿ ಇದಕ್ಕೆ. ವಿಂಚೆಸ್ಟರ್. ಒಪ್ಪಿಸಿದರೆ ಇದನ್ನು ತುಂಡು ಮಾಡಿ ಕುಲುಮೆಗೆ ಹಾಕ್ತಾರೆ, ಗೊತ್ತುಂಟಲ್ಲ?”

ಒಳ್ಳೆಯ ಉಕ್ಕು ಹೇಗಿರುತ್ತದೆಂದು ಬರ್ನಡೆಟ್‌ಗೆ ಗೊತ್ತಿತ್ತು. ಸರ್ಜನ್ನರ ಕೈಗೆ ಕತ್ತರಿ, ಚಿಮಟ ಕೊಟ್ಟೂ ಕೊಟ್ಟೂ ಅವಳ ಬೆರಳುಗಳು ಅದನ್ನು ಕಲಿತಿದ್ದವು. ಅವಳು ಕೈಚಾಚಿ ತಾನೇ ಒಮ್ಮೆ ಲಿವರ್ ಎಳೆದಳು. ಇನ್ನೊಮ್ಮೆ ಎಳೆದಳು. ಅಂಗಡಿಯಲ್ಲಿ ನಿಂತಿದ್ದ ಬೇರೆ ಗಂಡಸರು ನಕ್ಕರು. ಯೂಸ್ಟೇಸ್ ನಗಲಿಲ್ಲ.

“ನನ್ನ ಹೆಸರಿಗೆ ಮಾಡಿಸಲಿಕ್ಕೆ ಎಂತ ಬೇಕು?” ಎಂದು ಕೇಳಿದಳು ಅವಳು.

ಅಲ್ಲಿಂದ ಶುರುವಾಯಿತು. ಮಸ್ಕತ್ತಿನಿಂದ ಪ್ರತಿ ರಜೆಗೆ ಬಂದಾಗಲೂ ಮೊದಲ ವಾರದಲ್ಲೇ ಅಂಗಡಿಗೆ ಹೋಗುವಳು. ಕೆಲಸ ಬಿಟ್ಟು ಊರಿಗೇ ಬಂದ ಮೇಲೆ ಭಾನುವಾರದ ಪೂಜೆ ಮುಗಿಸಿ, ಯೂಸ್ಟೇಸನ ಮನೆಯ ಜಗಲಿಯಲ್ಲಿ ಚಹಾ ಕುಡಿಯುತ್ತ ಕೂತುಬಿಟ್ಟರೆ ಮಧ್ಯಾಹ್ನವಾಗುತ್ತಿತ್ತು. ಅಮೆರಿಕದಲ್ಲಿ ಯಾವ ಕಾರ್ಖಾನೆ ಯಾವ ವರ್ಷ ಎಂಥ ಸ್ಕ್ರೂ ಬಳಸಿತು, ಮಾರ್ಲಿನ್ ಕಂಪನಿಯ ಬಂದೂಕಿನ ಬೆನ್ನು ಗಟ್ಟಿಯೋ ವಿಂಚೆಸ್ಟರಿನದೋ, ಇಂಥದೇ ಮಾತು. ಯೂಸ್ಟೇಸನ ಹೆಂಡತಿ ಬದುಕಿರುವಾಗ “ನೀವಿಬ್ಬರು ಯಾವ ಭಾಷೆ ಮಾತಾಡುವುದು ಅಂತ ನನಗೆ ಅರ್ಥವೇ ಆಗುವುದಿಲ್ಲ” ಎಂದು ನಗುತ್ತಿದ್ದಳು. ಊರವರಲ್ಲಿ ಕೆಲವರು ಬೇರೆ ಅರ್ಥ ಹಚ್ಚಿದರು. ಅದು ಬರ್ನಡೆಟ್‌ಗೆ ತಿಳಿಯದ ಸಂಗತಿಯಲ್ಲ. ಮದುವೆಯ ಯೋಚನೆ ಅವಳಿಗೆ ಎಂದೂ ಬಂದಿರಲಿಲ್ಲ. ಅವಳಿಗೆ ಬೇಕಾಗಿದ್ದುದು ತನ್ನ ಮಾತು ಅರ್ಥವಾಗುವ ಒಬ್ಬ ಮನುಷ್ಯ, ಅವನು ಸಿಕ್ಕಿದ್ದ.

ಕೋಲ್ಟ್ ಬಂದೂಕು ಸಿಕ್ಕಿದ್ದೂ ಅವನ ಜೊತೆ ಹೋದಾಗಲೇ. ಬಂದರಿನಲ್ಲಿ ಗುಜರಿ ವ್ಯಾಪಾರ ಮಾಡುವ ಮಮ್ಮು ಸುಳಿವು ಕೊಟ್ಟಿದ್ದ. ಬಂದರಿಗೆ ಹಡಗು ನಡೆಸಿ ತರುವ ಪೈಲಟ್ ಆಗಿದ್ದ ಮುದುಕರೊಬ್ಬರ ಮನೆ; ಲೈಸೆನ್ಸು, ಕಾಗದ ಎಲ್ಲ ಸರಿಯಾಗಿದ್ದವು, ಮಕ್ಕಳಿಗೆ ಬಂದೂಕು ಬೇಡವಾಗಿತ್ತು. ಪೆಟ್ಟಿಗೆ ತೆರೆದಾಗ ಯೂಸ್ಟೇಸ್ ಬಂದೂಕನ್ನು ಮುಟ್ಟುವ ಮೊದಲು ಕೈಗಳನ್ನು ಅಂಗಿಗೆ ಒರೆಸಿಕೊಂಡ. ಪಿಸ್ತೂಲಿಗೆ ಹೆಸರಾದ ಕೋಲ್ಟ್ ಕಂಪನಿ ಲಿವರ್ ಬಂದೂಕು ಮಾಡಿದ್ದು ಹದಿನೆಂಟುನೂರ ಎಂಬತ್ತರ ದಶಕದಲ್ಲಿ, ಸ್ವಲ್ಪವೇ ಕಾಲ. ಮತ್ತೆ ಯಾಕೋ ನಿಲ್ಲಿಸಿಬಿಟ್ಟಿತು. ಹಾಗಾಗಿ ಅದು ಅಪರೂಪ. ಭಾರತದಲ್ಲಿ ಅದನ್ನು ಕಣ್ಣಾರೆ ಕಂಡವರು ಬೆರಳೆಣಿಕೆಯಷ್ಟು.

“ನೀನೇ ತೆಗೆದುಕೋ ಯೂಸ್ಟೇಸ್,” ಎಂದಿದ್ದಳು ಬರ್ನಡೆಟ್, ಮನಸ್ಸಿಲ್ಲದ ಮನಸ್ಸಿನಿಂದ.

“ನನ್ನಲ್ಲಿದ್ದರೆ ಅದು ಅಂಗಡಿ ಸಾಮಾನು. ನಿಮ್ಮಲ್ಲಿದ್ದರೆ ಅದಕ್ಕೆ ಮನೆ ಉಂಟು. ನೀವು ಇಟ್ಟುಕೊಳ್ಳಿ ಬಾಯಿ.”

ಆ ಮಾತನ್ನು ಅವಳು ಎಷ್ಟೋ ಜನರೆದುರು ಹೇಳಿಕೊಂಡಿದ್ದಳು. ಮನುಷ್ಯ ಅಂದರೆ ಹೀಗಿರಬೇಕು ಎಂದು ಸೇರಿಸುತ್ತಿದ್ದಳು.

ಕೋಲ್ಟಿನ ಲಿವರಿನ ಹೊರಬದಿಯಲ್ಲಿ ಅಕ್ಕಿಕಾಳಿನಷ್ಟು ಒಂದು ತಗ್ಗಿತ್ತು. ಯಾರ ಕೈಯಿಂದ ಎಲ್ಲಿ ಬಿದ್ದು ಆದದ್ದೋ. ಬಟ್ಟೆಯಲ್ಲಿ ಒರೆಸುವಾಗಲೆಲ್ಲ ಅವಳ ಹೆಬ್ಬೆರಳು ತಾನಾಗಿ ಅಲ್ಲಿ ಹೋಗಿ ಕೂರುತ್ತಿತ್ತು.

ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಬಂದೂಕು ಇರಕೂಡದೆಂಬ ಕಾನೂನು ಬಂದಾಗ ಬರ್ನಡೆಟ್ ಬಳಿ ಮೂರಿದ್ದವು. ಯಾವುದನ್ನು ಬಿಡುವುದೆಂದು ತಿಂಗಳುಗಟ್ಟಲೆ ಒದ್ದಾಡಿದಳು. ಅಜ್ಜನದನ್ನು ಬಿಡಲಾಗದು, ಕೋಲ್ಟನ್ನು ಬಿಡುವ ಮಾತೇ ಇಲ್ಲ ಎಂದು ಯೂಸ್ಟೇಸ್ ಕೂಡ ಒತ್ತಿ ಹೇಳಿದ; ಮೂರನೆಯದು, ಹುಲಿ ಶಿಕಾರಿಯವರು ಇಷ್ಟಪಡುತ್ತಿದ್ದ ಒಂದು ದೊಡ್ಡ ವಿಂಚೆಸ್ಟರ್, ಅದನ್ನೇ ಯೂಸ್ಟೇಸ್ ಮೂಲಕ ಬೇರೆ ಊರಿನ ಸಂಗ್ರಾಹಕನಿಗೆ ದಾಟಿಸಿದಳು. ಅದನ್ನು ಕಟ್ಟಿ ಕಳಿಸಿದ ದಿನ ಅಂಗಡಿಯಲ್ಲೇ ಅತ್ತಳು. ಯೂಸ್ಟೇಸ್ ಶಟರ್ ಅರ್ಧ ಎಳೆದು, ಅವಳು ಕಣ್ಣೊರೆಸಿಕೊಳ್ಳುವವರೆಗೆ ಗೋಡೆಯ ಕಡೆ ತಿರುಗಿ ಏನೋ ಹುಡುಕುವವನಂತೆ ನಿಂತಿದ್ದ.

ಚುನಾವಣೆ ಬಂತೆಂದರೆ ಲೈಸೆನ್ಸಿರುವವರೆಲ್ಲ ಬಂದೂಕುಗಳನ್ನು ಠಾಣೆಯಲ್ಲೋ ಅಧಿಕೃತ ಅಂಗಡಿಯಲ್ಲೋ ಠೇವಣಿ ಇಡಬೇಕು. ಬರ್ನಡೆಟ್ ಪ್ರತಿಸಲವೂ ಯೂಸ್ಟೇಸನಲ್ಲೇ ಇಡುತ್ತಿದ್ದಳು. ಕಳೆದ ಲೋಕಸಭಾ ಚುನಾವಣೆಗೂ ಹಾಗೇ. ಬೇಸಿಗೆಯಿಡೀ ಎರಡೂ ಬಂದೂಕುಗಳು ಅವನ ಹಿಂದಿನ ಕೋಣೆಯಲ್ಲಿದ್ದವು. ಮಳೆ ಹಿಡಿಯುವ ಹೊತ್ತಿಗೆ ಮನೆಗೆ ಬಂದವು.

ಒರೆಸಲು ಕೂತಾಗ ಕೋಲ್ಟಿನ ಸದ್ದು ಬೇರೆಯಾಗಿ ಕೇಳಿತು. ಮೊದಲು ಲಿವರ್ ಮುಚ್ಚುವಾಗ ಡಬ್ಬಿಯ ಮುಚ್ಚಳ ಸರಿಯಾಗಿ ಕೂತಂಥ ಸಣ್ಣ ಸದ್ದಾಗುತ್ತಿತ್ತು. ಈಗ ಎಲ್ಲೋ ಲೋಹ ಲೋಹಕ್ಕೆ ತಾಗಿದಂತೆ. ಅವಳು ಕನ್ನಡಕ ಹಾಕಿ ನೋಡಿದಳು. ತಗ್ಗು ಅಲ್ಲೇ ಇತ್ತು. ಹೆಬ್ಬೆರಳು ಇಟ್ಟಳು. ಅಂಚು ಸ್ವಲ್ಪ ಚುಚ್ಚಿದಂತಾಯಿತು. ‘ನನ್ನ ಚರ್ಮವೇ ಮುದಿಯಾಯಿತು,’ ಎಂದುಕೊಂಡಳು.

ಆದರೂ ಮರುದಿನ ಬಂದೂಕನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋದಳು. ಯೂಸ್ಟೇಸ್ ಲಿವರ್ ಎಳೆದು, ತಲೆ ಓರೆ ಮಾಡಿ ಆಲಿಸಿದ.

“ಎಂತ ಇಲ್ಲ ಬಾಯಿ. ಮಳೆಗಾಲದ ಹವೆ. ಎಣ್ಣೆ ದಪ್ಪ ಆಗಿದೆ ಅಷ್ಟೆ. ಬಿಡಿ, ನಾನು ತೊಳೆದು ಕೊಡ್ತೇನೆ.”

ತೊಳೆದೂ ಕೊಟ್ಟ. ಸದ್ದು ಹಾಗೆಯೇ ಇತ್ತು. ಬರ್ನಡೆಟ್ ಆ ಮಾತನ್ನು ಮತ್ತೆ ಎತ್ತಲಿಲ್ಲ. ಅಷ್ಟು ವರ್ಷದ ಅನುಭವಸ್ಥ ಇಲ್ಲ ಎಂದ ಮೇಲೆ ಇಲ್ಲ. ಗ್ಲ್ಯಾಡಿಸ್ ಬಳಿ, “ನನಗೆ ಕಿವಿಯೂ ಮಂದವಾಗ್ತಾ ಉಂಟು ಅಂತ ಕಾಣ್ತದೆ,” ಎಂದಳು. ಕಿವಿಯ ಡಾಕ್ಟರಲ್ಲಿಗೂ ಹೋಗಿ ಬಂದಳು. ಕಿವಿಗೆ ಏನೂ ಆಗಿಲ್ಲ ಎಂದು ಅವರು ಹೇಳಿ ಕಳಿಸಿದರು.

ಸತ್ಯ ಬಾಯಿಬಿಟ್ಟದ್ದು ಯೂಸ್ಟೇಸನ ಮಗ ಬ್ರಯಾನ್. ಅದೂ ಸಂಭ್ರಮದಿಂದ. ತಂದೆಗೆ ಜ್ವರ ಬಂದು ಮನೆಯಲ್ಲಿದ್ದ ದಿನ ಅಂಗಡಿ ಅವನ ಕೈಯಲ್ಲಿತ್ತು. ಬಂದೂಕಿನ ಎಣ್ಣೆ ಕೊಳ್ಳಲು ಬರ್ನಡೆಟ್ ಹೋಗಿದ್ದಳು.

“ಬಾಯಿ, ಹೈದರಾಬಾದಿನ ಕೋಲ್ಟ್ ಫೋಟೊ ನೋಡಿದ್ರಾ? ಎಂಥಾ ಚಂದ ಆಗಿದೆ ಮಾರಾಯ್ರೆ!”

“ಯಾವ ಕೋಲ್ಟ್?”

“ಅದೇ, ಅಲ್ಲಿಯ ಸಂಗ್ರಾಹಕರೊಬ್ಬರದ್ದು, ಲಿವರ್ ಮುರಿದು ಹೋಗಿ ವರ್ಷಗಟ್ಟಲೆ ಹಾಗೇ ಇದ್ದದ್ದು. ನೀವು ನಿಮ್ಮ ಲಿವರ್, ಬೋಲ್ಟ್ ಕೊಟ್ಟಿರಲ್ಲ, ಅದು. ಡ್ಯಾಡಿ ಮೇ ತಿಂಗಳಿಡೀ ಅದರ ಮೇಲೆಯೇ ಕೂತಿದ್ರು. ನಿಮ್ಮದಕ್ಕೆ ಹೊಸತು ಮಾಡಿ ಹಾಕಿದ್ದೂ ಗೊತ್ತಾಗುವುದಿಲ್ಲ ಅಲ್ಲವಾ? ಬಾಯಿ ಎಷ್ಟು ದೊಡ್ಡ ಮನಸ್ಸಿನವರು ಅಂತ ಡ್ಯಾಡಿ ಹೇಳ್ತಾ ಇದ್ರು.”

ಅವನು ಫೋನು ಮುಂದೆ ಹಿಡಿದ. ಕೆಂಪು ಮಕಮಲ್ಲಿನ ಮೇಲೆ ಕೋಲ್ಟ್ ಮಲಗಿತ್ತು. ಬೇರೆ ಬಂದೂಕು, ಬೇರೆ ಮರ. ಬರ್ನಡೆಟ್ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿದಳು. ಲಿವರಿನ ಹೊರಬದಿಯಲ್ಲಿ ಅಕ್ಕಿಕಾಳಿನಷ್ಟು ತಗ್ಗು.

ಅಂಥದೇ ತಗ್ಗು ಮನೆಯ ಕಪಾಟಿನಲ್ಲಿದ್ದ ಕೋಲ್ಟಿನ ಮೇಲೂ ಇತ್ತು. ಒಂದು ಕಾಲ ಮಾಡಿದ್ದು, ಇನ್ನೊಂದು ಯಾರೋ ಕೂತು ಮಾಡಿದ್ದು.

“ಬಾಯಿ, ನೀರು ಬೇಕಾ?” ಎಂದ ಬ್ರಯಾನ್. ಅವನ ಮುಖದಲ್ಲಿ ಗಾಬರಿ ಕಂಡಿತು. ಅವನಿಗೆ ನಿಜವಾಗಿಯೂ ಏನೂ ಗೊತ್ತಿರಲಿಲ್ಲ. ಬರ್ನಡೆಟ್ ಬೇಡವೆಂದಳು, ಎಣ್ಣೆಯ ಬಾಟಲಿಯನ್ನು ಕೌಂಟರಿನ ಮೇಲೆಯೇ ಬಿಟ್ಟು ಹೊರಬಂದಳು.

ಮನೆಗೆ ಹೋಗಲಿಲ್ಲ. ರಿಕ್ಷಾ ಹಿಡಿದು ಸೀದಾ ಯೂಸ್ಟೇಸನಲ್ಲಿಗೆ ಹೋದಳು. ಅವನು ಜಗಲಿಯಲ್ಲಿ ಶಾಲು ಹೊದ್ದು ಗಂಜಿ ಕುಡಿಯುತ್ತಿದ್ದ. ಅವಳ ಮುಖ ನೋಡಿದ್ದೇ ಚಮಚ ಕೆಳಗಿಟ್ಟ.

ದಾರಿಯಲ್ಲಿ ಏನೇನೋ ಮಾತು ಜೋಡಿಸಿಕೊಂಡು ಬಂದಿದ್ದಳು. ಬಾಯಿಂದ ಹೊರಟದ್ದು ಮಾತ್ರ ಬೇರೆ.

“ಆ ತಗ್ಗು ಎಂತದರಲ್ಲಿ ಮಾಡಿದ್ದು?”

“ಪಂಚಿನಲ್ಲಿ ಹೊಡೆದು,” ಎಂದ ಯೂಸ್ಟೇಸ್. “ಮತ್ತೆ ಸ್ವಲ್ಪ ಆಸಿಡ್. ಸಾಣೆ ಕಲ್ಲಿನಲ್ಲಿ ಅಂಚು ಇನ್ನೂ ಸ್ವಲ್ಪ ಉಜ್ಜಬೇಕಿತ್ತು, ಹೊತ್ತು ಸಾಕಾಗಲಿಲ್ಲ...” ತಾನೇನು ಹೇಳುತ್ತಿದ್ದೇನೆಂದು ಆಗ ಅವನಿಗೆ ಅರಿವಾಯಿತು.

“ನನಗೆ ಕಿವಿ ಕೇಳುವುದಿಲ್ಲ ಅಂತ ಮಾಡಿದೆಯಲ್ಲ ಯೂಸ್ಟೇಸ್. ನಾನು ಡಾಕ್ಟರ ಹತ್ತಿರ ಹೋಗಿ ಬಂದೆ.”

“ಕೂತುಕೊಳ್ಳಿ ಬಾಯಿ.”

“ಕೂರುವುದಿಲ್ಲ.”

ಅವನು ಶಾಲು ಸರಿಪಡಿಸಿಕೊಂಡ. ಆಮೇಲೆ ಮಾತಾಡಿದ, ನಿಧಾನವಾಗಿ, ಬಹಳ ದಿನದಿಂದ ಒಳಗೇ ಹೇಳಿಕೊಂಡು ಬಂದವನಂತೆ. ಆ ಹೈದರಾಬಾದಿನ ಬಂದೂಕಿನ ನಳಿಗೆ, ಮರ, ಬಣ್ಣ ಎಲ್ಲ ಕಾರ್ಖಾನೆಯಿಂದ ಬಂದ ಹಾಗೇ ಉಂಟಂತೆ. ಲಿವರೊಂದು ಇಲ್ಲದೆ ಅದು ಹೆಣದ ಹಾಗೆ ಬಿದ್ದಿತ್ತಂತೆ. ದೇಶದಲ್ಲಿ ಯಾರಿಗೂ ಅದನ್ನು ಎಬ್ಬಿಸಲು ಆಗಿರಲಿಲ್ಲ. “ದುಡ್ಡಿನ ಆಸೆಗೆ ಅಲ್ಲ ಬಾಯಿ, ಇಗರ್ಜಿಯಾಣೆ. ನನ್ನ ಕೈಯಲ್ಲಿ ಅದು ಎದ್ದು ಕೂತುಕೊಳ್ಳಬೇಕು ಅಂತ ಒಂದು ಆಸೆ. ನನಗೆ ಎಪ್ಪತ್ತು ಹತ್ತಿರ ಬಂತು. ಇಡೀ ಜನ್ಮ ಗದ್ದೆಗೆ ಬರುವ ಹಂದಿ ಓಡಿಸುವವರ ತೋಟೆಕೋವಿ ರಿಪೇರಿ ಮಾಡಿದೆ. ಇದೊಂದು ಕೆಲಸ ನಾನು ಮಾಡಿದ್ದು ಅಂತ ಇರಲಿ ಅಂತ.”

“ನನ್ನದನ್ನು ಕೊಂದು?”

“ನಿಮ್ಮದನ್ನು ನೋಡುವವರು ಯಾರು ಹೇಳಿ? ಕಪಾಟಿನಲ್ಲಿ ಉಂಟು. ನಿಮ್ಮ ಕಾಲದ ನಂತರ? ಗ್ಲ್ಯಾಡಿಸ್ ಬಾಯಿ ಮರುದಿನವೇ ಠಾಣೆಗೆ ಒಪ್ಪಿಸ್ತಾರೆ. ತುಂಡು ಮಾಡಿ ಕುಲುಮೆಗೆ. ಈಗ ಅರ್ಧವಾದರೂ ಉಳಿಯಿತಲ್ಲ.”

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಬರ್ನಡೆಟ್‌ಗೆ ಹೆಚ್ಚು ನೋವಾದದ್ದು ಅಲ್ಲೇ. ತನ್ನ ನಂತರ ಬಂದೂಕುಗಳ ಗತಿ ಏನು ಎಂಬ ಆ ಭಯ ಅವನಿಗೆ ಗೊತ್ತಿದ್ದುದು ಅವಳೇ ಇದೇ ಜಗಲಿಯಲ್ಲಿ ಕೂತು ಹೇಳಿಕೊಂಡದ್ದರಿಂದ.

“ಒಂದು ಮಾತು ಕೇಳಬಹುದಿತ್ತು,” ಎಂದಳು.

“ಕೇಳಿದ್ದರೆ ಕೊಡ್ತಿದ್ರಾ?”

“ಕೊಡ್ತಿರಲಿಲ್ಲ. ಅದಕ್ಕೇ ಕೇಳಬೇಕಿತ್ತು.”

ಗಂಜಿಯ ಮೇಲೆ ಕೆನೆ ಕಟ್ಟಿತ್ತು. ಬರ್ನಡೆಟ್ ಮೆಟ್ಟಿಲಿಳಿದು ಬಂದಳು. ಗೇಟಿನವರೆಗೂ ಅವನು ಹಿಂದಿನಿಂದ ಕರೆಯುತ್ತಾನೆ, ಲಿವರನ್ನು ಹಿಂದಕ್ಕೆ ತರಿಸುತ್ತೇನೆ ಎನ್ನುತ್ತಾನೆ ಎಂದು ಅವಳೊಳಗೆ ಒಂದು ಆಸೆ ಇತ್ತು. ಅವನು ಕರೆಯಲಿಲ್ಲ.

ಗ್ಲ್ಯಾಡಿಸ್‌ಗೆ ವಿಷಯ ಅರ್ಥ ಮಾಡಿಸಲು ಎರಡು ಸಂಜೆ ಬೇಕಾಯಿತು. ಬಂದೂಕು ಮನೆಯಲ್ಲೇ ಇರುವಾಗ ಕದ್ದದ್ದು ಏನನ್ನು ಎಂಬುದೇ ಅವಳ ಪ್ರಶ್ನೆ. ಅರ್ಥವಾದ ಮೇಲೆ ಮಾತ್ರ ಅವಳಿಗೆ ತಂಗಿಗಿಂತ ಹೆಚ್ಚು ಸಿಟ್ಟು ಬಂತು. “ಪೊಲೀಸಿಗೆ ಕೊಡು. ಇಷ್ಟು ವರ್ಷ ನಮ್ಮ ಮನೆಯ ಕುಸ್ವಾರ್ ತಿಂದ ಮನುಷ್ಯ!” ಕ್ರಿಸ್‌ಮಸ್ಸಿಗೆ ಮಾಡುವ ನೆವ್ರಿ, ಕಿಡ್ಯೊ ಮುಂತಾದ ಸಿಹಿತಿಂಡಿಗಳ, ಅಂದರೆ ಕುಸ್ವಾರಿನ, ಮೊದಲ ತಟ್ಟೆ ವರ್ಷವೂ ಅವನ ಮನೆಗೇ ಹೋಗುತ್ತಿತ್ತು.

ಬರ್ನಡೆಟ್ ಠಾಣೆಗೆ ಹೋದಳು. ಅಲ್ಲಿಯ ಅಧಿಕಾರಿ ಮರ್ಯಾದೆಯಿಂದಲೇ ಕೂರಿಸಿದರು. ಲೈಸೆನ್ಸು ನೋಡಿದರು, ಬಂದೂಕಿನ ಮೈಮೇಲಿನ ನಂಬರು ನೋಡಿದರು.

“ನಂಬರ್ ಸರಿ ಉಂಟಲ್ಲ ಮೇಡಂ?”

“ನಂಬರ್ ಸರಿ ಉಂಟು.”

“ಬಂದೂಕು ಕೆಲಸ ಮಾಡ್ತದಾ?”

“ಮಾಡ್ತದೆ.”

“ಹಾಗಾದರೆ ಎಂತ ಅಂತ ಬರೆಯುವುದು? ಹಳೆಯ ತುಂಡು ತೆಗೆದು ಹೊಸತು ಹಾಕಿ ಕೊಟ್ಟಿದ್ದಾರೆ ಅಂತಲಾ?” ಅವರು ಗೇಲಿ ಮಾಡುತ್ತಿರಲಿಲ್ಲ, ನಿಜವಾಗಿ ಕೇಳುತ್ತಿದ್ದರು. ವಿವರಿಸಲು ಬರ್ನಡೆಟ್ ಬಾಯಿ ತೆರೆದಳು. ಕಾಲದ ಸವೆತ, ಕಾರ್ಖಾನೆಯ ಮುದ್ರೆ, ಮೈಗೆ ಮೈ ಹೊಂದಿಕೊಂಡ ಉಕ್ಕು, ಇದನ್ನೆಲ್ಲ ಯಾವ ಮಾತಿನಲ್ಲಿ ಹೇಳುವುದು? ಹೇಳಿದರೆ ಕೂಡಲೇ ಅರ್ಥವಾಗುವ ಮನುಷ್ಯ ಈ ಮಂಗಳೂರಿನಲ್ಲಿ ಒಬ್ಬನೇ ಇದ್ದ. ಅವನ ಮೇಲೆಯೇ ದೂರು ಕೊಡಲು ಬಂದಿದ್ದಳು. ಅವಳು ಥ್ಯಾಂಕ್ಸ್ ಹೇಳಿ ಎದ್ದಳು.

ಆ ಮೇಲಿನ ತಿಂಗಳುಗಳು ಅವಳಿಗೆ ಕಷ್ಟದವು. ಕೋಲ್ಟ್ ಹೋದ ದುಃಖ ಒಂದು ತೂಕ. ಅದರ ಹಿಂದೆ ಬಂದ ಸಂಶಯ ಅದಕ್ಕಿಂತ ಭಾರ. ಅಜ್ಜನ ವಿಂಚೆಸ್ಟರನ್ನು ಹೊರಗೆ ತೆಗೆದು ಸ್ಕ್ರೂ ಸ್ಕ್ರೂ ಪರೀಕ್ಷಿಸಿದಳು. ಅದೂ ಎಷ್ಟೋ ಚುನಾವಣೆಗಳಲ್ಲಿ ಅವನ ಹಿಂದಿನ ಕೋಣೆಯಲ್ಲಿ ಕೂತು ಬಂದದ್ದು. ಒಂದು ಸ್ಕ್ರೂವಿನ ತಲೆ ಹೊಸದಾಗಿ ಕಂಡಿತು, ಮರುದಿನ ನೋಡಿದರೆ ಹಳೆಯದಾಗಿ ಕಂಡಿತು. ಯಾರನ್ನು ಕೇಳುವುದು? ಬೇರೆ ಊರಿಗೆ ದಾಟಿಸಿದ ಆ ದೊಡ್ಡ ವಿಂಚೆಸ್ಟರ್‌ನ ನೆನಪಾಯಿತು. ಅದನ್ನೇ ಬಿಡಿ, ಕೋಲ್ಟನ್ನು ಇಟ್ಟುಕೊಳ್ಳಿ ಎಂದು ಅಂದು ಒತ್ತಿ ಹೇಳಿದ್ದು ಯೂಸ್ಟೇಸ್. ಆವತ್ತೇ ಅವನ ಮನಸ್ಸಿನಲ್ಲಿ ಇದಿತ್ತೇ? ಪೈಲಟರ ಮನೆಯಲ್ಲಿ ‘ನಿಮ್ಮಲ್ಲಿದ್ದರೆ ಅದಕ್ಕೆ ಮನೆ ಉಂಟು’ ಎಂದಾಗಲೂ? ಇರಲಿಕ್ಕಿಲ್ಲ ಎನ್ನಿಸುತ್ತಿತ್ತು. ಇರಲಿಕ್ಕಿಲ್ಲ ಎಂದು ನಂಬುವುದಕ್ಕೂ ಧೈರ್ಯವಿರಲಿಲ್ಲ. ತಾನು ಅತ್ತಾಗ ಗೋಡೆಯ ಕಡೆ ತಿರುಗಿ ನಿಂತವನ ಮುಖ ಹೇಗಿತ್ತೋ, ಅವಳು ಕಂಡಿರಲಿಲ್ಲ.

ಬ್ರಯಾನ್ ಒಮ್ಮೆ ಮನೆಗೆ ಬಂದ. ಜಗಲಿಯಲ್ಲಿ ನಿಂತೇ, ತನಗೆ ಗೊತ್ತಿರಲಿಲ್ಲವೆಂದೂ ತಾನು ಹೈದರಾಬಾದಿನವರಿಗೆ ಫೋನು ಮಾಡಿದೆನೆಂದೂ ಅವರು ಕೊಡಲು ಒಪ್ಪಲಿಲ್ಲವೆಂದೂ ಹೇಳಿದ. ಬರ್ನಡೆಟ್ ಅವನನ್ನು ಒಳಗೆ ಕರೆದು ಚಹಾ ಕೊಟ್ಟಳು. “ನಿನ್ನ ಮೇಲೆ ಎಂತ ಇಲ್ಲ ಮಗಾ,” ಎಂದಳು. ಅವನು ಹೋಗುವಾಗ, “ಡ್ಯಾಡಿ ಈಗ ಯಾರ ಹತ್ತಿರವೂ ಮಾತಾಡುವುದಿಲ್ಲ,” ಎಂದ. ಅವಳು ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಆ ವರ್ಷ ಕುಸ್ವಾರ್‌ನ ತಟ್ಟೆ ಆ ಮನೆಗೆ ಹೋಗಲಿಲ್ಲ.

ಹೊಸ ವರ್ಷ ಕಳೆದ ಮೇಲೆ ಒಂದು ದಿನ ಗುಜರಿಯ ಮಮ್ಮು ಫೋನು ಮಾಡಿದ. ಕುದ್ರೋಳಿಯ ಹಳೆಯ ಮನೆಯೊಂದರಲ್ಲಿ ಒಂದು ಲಿವರ್ ಬೆಡಿ ಉಂಟು, ಕಾಗದ ಎಲ್ಲ ಸರಿ ಉಂಟು, ಮಾರುವ ಯೋಚನೆ ಇಲ್ಲ, ಆದರೆ ಅದು ಯಾವ ಕಾಲದ್ದು ಅಂತ ಅವರಿಗೆ ತಿಳಿಯಬೇಕಂತೆ. “ಬರ್ತೀರಾ ಬಾಯಿ? ಯೂಸ್ಟೇಸರನ್ನೂ ಕರೆಯಬೇಕಾ?”

“ಬೇಡ. ನಾನೊಬ್ಬಳೇ ಬರ್ತೇನೆ.”

ಮನೆಯ ಯಜಮಾನಿ ಕುಶಲಾ ಬಂದೂಕನ್ನು ಹಳೆಯ ಸೀರೆಯಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟಳು. ಮಾರ್ಲಿನ್. ಎಂಟು ಮೂಲೆಯ ನಳಿಗೆ. ಬರ್ನಡೆಟ್ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಲಿವರ್ ಎಳೆದಳು. ಎಳೆದ ಕೂಡಲೇ ಗೊತ್ತಾಯಿತು, ಇದರ ಒಳಗೆ ಯಾರ ಕೈಯೂ ಹೋಗಿಲ್ಲ. ನಳಿಗೆಯ ಮೇಲೆ ಗುರಿ ನೋಡುವ ಪಟ್ಟಿ, ಆ ಹಿಂದಿನ ಸೈಟ್ ಕೂಡ ಮೊದಲಿನದೇ. ಎಲ್ಲರೂ ಅದನ್ನೇ ಮೊದಲು ಬದಲಿಸುವುದು. ತನಗೆ ತಿಳಿದಷ್ಟನ್ನು ಕುಶಲಾಳಿಗೆ ಹೇಳಿದಳು. ಕುಶಲಾ ಕೇಳಿ ಸಂತೋಷಪಟ್ಟು, “ಹಾಗಾ, ಅಮೆರಿಕದ್ದಾ!” ಎಂದು ಎಳನೀರು ಕೊಟ್ಟಳು. ಮಮ್ಮು ಫೋನಿನಲ್ಲಿ ಬೇರೆ ಯಾರೊಂದಿಗೋ ತಗಡಿನ ವ್ಯಾಪಾರ ಮಾಡುತ್ತಿದ್ದ.

ಆ ಭಾನುವಾರ ಪೂಜೆ ಮುಗಿದು ಜನ ಇಗರ್ಜಿಯ ಅಂಗಳದಲ್ಲಿ ಚದರುವಾಗ ಯೂಸ್ಟೇಸ್ ಎದುರಿಗೆ ಬಂದ. ತೆಳ್ಳಗಾಗಿದ್ದ, ಅಂಗಿಯ ಕಾಲರು ಕುತ್ತಿಗೆಯಿಂದ ದೂರ ನಿಂತಿತ್ತು. ಇಷ್ಟು ದಿನ ಅವಳನ್ನು ಕಂಡರೆ ಕಂಬದ ಮರೆಗೆ ಸರಿಯುತ್ತಿದ್ದವನು ಇಂದು ಸರಿಯಲಿಲ್ಲ. ಕಣ್ಣಿನಲ್ಲಿ ಹಳೆಯ ಉಮೇದು ತಡೆಯಲಾಗದೆ ಹೊರಗೆ ಬಂದಿತ್ತು.

“ಬಾಯಿ, ಮಮ್ಮು ಹೇಳಿದ. ಕುದ್ರೋಳಿಯದ್ದು ಮಾರ್ಲಿನ್ನಾ? ನೋಡಿದ್ರಾ?”

ಬರ್ನಡೆಟ್‌ಳ ಬಾಯಿ ತಾನಾಗಿ ತೆರೆದುಕೊಂಡಿತು. ಎಂಟು ಮೂಲೆಯ ನಳಿಗೆ, ಅದರ ಮೇಲಿನ ಬಣ್ಣ, ಲಿವರ್ ಮುಚ್ಚುವಾಗಿನ ಆ ಸದ್ದು, ಎಲ್ಲ ಗಂಟಲಿಗೆ ಬಂದಿತ್ತು. ನಾಲ್ಕು ದಿನದಿಂದ ಯಾರಿಗಾದರೂ ಹೇಳಬೇಕೆಂದು ತಡೆದುಕೊಂಡು ಕೂತಿದ್ದಳು.

“ನೋಡಿದೆ,” ಎಂದಳು.

ಅಷ್ಟೇ ಹೇಳಿ, ಗೇಟಿನ ಬಳಿ ರಿಕ್ಷಾ ನಿಲ್ಲಿಸಿಕೊಂಡು ಕಾಯುತ್ತಿದ್ದ ಗ್ಲ್ಯಾಡಿಸ್ ಕಡೆಗೆ ನಡೆದಳು.

“ಹಿಂದಿನ ಸೈಟ್ ಮೊದಲಿನದ್ದೇ ಉಂಟಾ ಬಾಯಿ?” ಯೂಸ್ಟೇಸ್ ಹಿಂದಿನಿಂದ ಕೇಳಿದ. ಜನ ತಿರುಗಿ ನೋಡುವಷ್ಟು ಗಟ್ಟಿಯಾಗಿತ್ತು ಅವನ ದನಿ.

ಅವಳು ತಿರುಗಲಿಲ್ಲ. ರಿಕ್ಷಾ ಹತ್ತಿದಳು. ಕುಲಶೇಖರದ ಏರು ಹತ್ತುವಾಗ ಗ್ಲ್ಯಾಡಿಸ್, “ಎಂತ ಕೇಳಿದ ಅವನು?” ಎಂದಳು.

“ಎಂತ ಇಲ್ಲ,” ಎಂದಳು ಬರ್ನಡೆಟ್, ಮುಖವನ್ನು ರಸ್ತೆಯ ಕಡೆಗೆ ತಿರುಗಿಸಿಕೊಂಡು.